ದಾರಿಯಲ್ಲಿ ಒಡೆಯದ ಮೊಟ್ಟೆ

ಬಸ್ಸಿನಲ್ಲಿ ಕಳಿಸಿದ ಹನ್ನೆರಡು ಮೊಟ್ಟೆಗಳಲ್ಲಿ ಈ ವಾರವೂ ಏಳು ಒಡೆದಿದ್ದವು.

"ಸಾಕು ಕಣಮ್ಮ, ಇನ್ನು ಕಳಿಸಬೇಡ. ಇಲ್ಲೇ ಅಂಗಡೀಲಿ ತಗೋತೀನಿ," ಎಂದಳು ಬಸುರಿ ಮಗಳು ಫೋನಿನಲ್ಲಿ.

ಅವಳೇನೂ ಬೇಸರದಿಂದ ಹೇಳಿರಲಿಲ್ಲ. ಆದರೂ ತಾಯಿಗೆ ಅಂದು ಊಟ ಸೇರಲಿಲ್ಲ. ಮೂವತ್ತು ಕೋಳಿ, ಮಂಡಿನೋವಿನ ಅತ್ತೆ; ಬಿಟ್ಟು ಹೋಗುವಂತಿರಲಿಲ್ಲ. ಮೊಟ್ಟೆ ಮಗಳ ಮನೆ ಸೇರಿದರೆ ಅರ್ಧ ತಾನೇ ಹೋದಂತೆ ಅನ್ನಿಸುತ್ತಿತ್ತು.

"ಕಂಡಕ್ಟರ್ ಎತ್ತಿ ಒಗೀತಾನೆ, ಮತ್ತೇನು," ಎಂದರು ಅತ್ತೆ.

ಪಶು ಆಸ್ಪತ್ರೆಯ ಕಾರ್ಯಕರ್ತೆಯನ್ನು ಎಲ್ಲರೂ 'ಕೋಳಿ ಡಾಕ್ಟ್ರಮ್ಮ' ಅನ್ನುತ್ತಿದ್ದರು. ಲಸಿಕೆ ಹಾಕಲು ಬಂದಿದ್ದ ಅವಳು ಗೂಡಿನಿಂದ ಒಂದು ಮೊಟ್ಟೆ ತೆಗೆದು ಮೆಲ್ಲಗೆ ಒತ್ತಿದಳು. ಚಿಪ್ಪು ಕುಸಿಯಿತು.

"ಪಾಪ, ಕಂಡಕ್ಟರನ್ನ ಬಿಟ್ಬಿಡಿ ಅಜ್ಜಿ. ಇದು ಬಸ್ಸು ಹತ್ತೋಕೆ ಮುಂಚೇನೇ ಸೋತಿದೆ."

"ಚಿಪ್ಪು ಗಟ್ಟಿಯಾಗ್ಲಿ ಅಂತ ಕಪ್ಪೆಚಿಪ್ಪಿನ ಪುಡಿ ದಿನಾ ಹಾಕ್ತೀನಲ್ಲ?" ಎಂದಳು ತಾಯಿ.

"ಹಾಕಿದ್ದು ಮೈಗೆ ಹತ್ತಬೇಕಲ್ಲಕ್ಕ. ಕೋಳಿ ಕರುಳಲ್ಲಿ ಒಳ್ಳೇ ಜೀವಾಣುಗಳಿರ್ತವೆ. ಅವು ಚೆನ್ನಾಗಿದ್ರೆ ತಿಂದಿದ್ದು ಹತ್ತುತ್ತೆ, ಚಿಪ್ಪು ಗಟ್ಟಿಯಾಗೋಕೆ ಸಹಾಯ ಆಗುತ್ತೆ. ಆ ಜೀವಾಣುಗಳಿಗೆ ಊಟ ಈ ಪ್ರಿಬಯಾಟಿಕ್ ಪುಡಿ." ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದುಕೊಟ್ಟಳು. "ದಿನಾ ಸ್ವಲ್ಪ ಸ್ವಲ್ಪ ಮೇವಲ್ಲಿ ಕಲಸಿ ಕೊಡಿ."

"ನಾಲ್ಕು ಹೆತ್ತೆ, ನನಗ್ಯಾರೂ ಪುಡಿ ಕೊಡಲಿಲ್ಲ. ಕೋಳಿಗಳ ವೈಭೋಗ ನೋಡು," ಅತ್ತೆ ಗೊಣಗಿದರು. "ಮದ್ದಿನ ಮೊಟ್ಟೆ ಬಸುರಿಗೆ ಬೇರೆ."

"ಮದ್ದಲ್ಲ ಅಜ್ಜಿ, ಹಾರ್ಮೋನೂ ಅಲ್ಲ. ನಾರಿನಂಥದ್ದು. ಹಾಗಂತ ಮಾಯ ಮಂತ್ರಾನೂ ಅಲ್ಲ, ಒಂದೆರಡು ತಿಂಗಳು ಕಾಯ್ಬೇಕು."

ತಾಯಿಗೆ ಕಾಯಲಾಗಲಿಲ್ಲ. ವಾರದ ಪುಡಿಯನ್ನು ಒಂದೇ ದಿನ ಸುರಿದಳು. ಮರುದಿನವೇ ಕೋಳಿಗಳು ತೆಳ್ಳಗೆ ಹಿಕ್ಕೆ ಹಾಕತೊಡಗಿದವು.

"ನಾನು ಬಡ್ಕೊಳ್ಳಲಿಲ್ವಾ?" ಎಂದರು ಅತ್ತೆ.

"ಯಾಕಕ್ಕ ಇಷ್ಟು ಅವಸರ?" ಕೇಳಿದಳು ಸುದ್ದಿ ತಿಳಿದು ಬಂದ ಡಾಕ್ಟ್ರಮ್ಮ.

ತಾಯಿ ಗೂಡಿನ ಬಾಗಿಲು ಹಿಡಿದು ನಿಂತಳು. "ಅವಳಿಗೆ ಆರು ತಿಂಗಳು ತುಂಬ್ತು. ನನ್ನ ಕೈಯಿಂದ ಅಲ್ಲಿಗೆ ಇನ್ನೇನು ಹೋಗುತ್ತೆ, ಹೇಳು."

ಡಾಕ್ಟ್ರಮ್ಮ ಬೈಯಲಿಲ್ಲ. ಎರಡು ದಿನ ಪುಡಿ ನಿಲ್ಲಿಸಲು ಹೇಳಿದಳು. ಆಮೇಲೆ ಅಳತೆ ಚಮಚವನ್ನು ದಾರದಿಂದ ಮೇವಿನ ಡಬ್ಬಕ್ಕೇ ಕಟ್ಟಿಕೊಟ್ಟಳು. ದಿನಕ್ಕೆ ಒಂದೇ ಚಮಚ.

ವಾರಗಳು ಸರಿದವು. ಏಳನೆಯ ವಾರ ಮತ್ತೊಂದು ಡಬ್ಬಿ ಮೊಟ್ಟೆ ಬಸ್ಸು ಹತ್ತಿತು. ಸಂಜೆ ಫೋನ್ ಬಂತು.

"ಒಂದೂ ಒಡೆದಿಲ್ಲಮ್ಮ," ಎಂದಳು ಮಗಳು. "ಮುಂದಿನ ಸಲ ನೀನೇ ತಗೊಂಡು ಬಾಮ್ಮ."

ತಾಯಿ ಫೋನು ಕೆಳಗಿಟ್ಟು ಅತ್ತೆಯ ಮುಖ ನೋಡಿದಳು.

"ನನ್ನೇನು ನೋಡ್ತೀಯಾ? ಹೋಗಿ ಬಾ," ಎಂದರು ಅತ್ತೆ. "ಪುಡಿ ನಾನು ಹಾಕ್ತೀನಿ. ಆ ಚಮಚ ಮಟ್ಟಕ್ಕಾ, ಇಲ್ಲಾ ಗುಡ್ಡೆ ಬರೋ ಹಾಗಾ? ಅದನ್ನ ಸರಿಯಾಗಿ ಹೇಳಿ ಹೋಗು."

ಅಕ್ಕತಂಗಿಯರೇ, ನಿಮ್ಮ ಗೂಡಿನ ಮೊಟ್ಟೆಯ ಚಿಪ್ಪು ತೆಳುವಾಗಿದ್ದರೆ ಮೊದಲು ಪಶುವೈದ್ಯರನ್ನು ಕೇಳಿ. ಕೋಳಿಯ ವಯಸ್ಸು, ಕಾಯಿಲೆ, ಬಿಸಿಲು ಕೂಡ ಕಾರಣವಿರಬಹುದು. ಪ್ರಿಬಯಾಟಿಕ್ ಕೊಡುವುದಾದರೆ ಅವರು ಹೇಳಿದ ಅಳತೆಯಲ್ಲೇ, ದಿನವೂ ಕೊಡಿ. ಕಪ್ಪೆಚಿಪ್ಪಿನ ಪುಡಿ, ಶುದ್ಧ ನೀರು ತಪ್ಪಿಸಬೇಡಿ. ನೀವು ಪ್ರೀತಿಯಿಂದ ಕಳಿಸಿದ್ದು ದೂರದಲ್ಲಿರುವವರ ಕೈಗೆ ಇಡಿಯಾಗಿ ಸೇರಲಿ.