ನಾಟಕದಲ್ಲಿ ಗಂಗಾ

"ಇಲ್ಲಿ ನಿಲ್ಸು," ಎಂದಳು ಅಮ್ಮ.

ಹಂಸ ರಿಮೋಟ್ ಒತ್ತಿದಳು. ಟಿವಿಯಲ್ಲಿ ಮಾಸಿದ ಬಣ್ಣದ ಚಿತ್ರ ನಡುಗುತ್ತ ನಿಂತಿತು. ಜ್ವರದಿಂದ ಮಲಗಿದ ಮಗಳ ತಲೆದೆಸೆಯಲ್ಲಿ ಕೂತು ಕಥೆ ಹೇಳುತ್ತಿರುವ ಲೇಖಕ. ಕಿಟಕಿಯಲ್ಲಿ ಇಣುಕುತ್ತಿರುವ ಅವನ ಕಥೆಯ ಆನೆ, ಕಾಗೆ, ಟೋಪಿ ತೊಟ್ಟ ಚಂದಿರ. ಮೂಲೆಯಲ್ಲಿ ಮುಸುಕು ಹೊದ್ದು ನಿದ್ದೆಹೋದ ಹೆಂಡತಿ.

ಹಂಸಳ ಅಪ್ಪ, ಮಕ್ಕಳ ಸಾಹಿತಿ ಮುನಿನಾರಾಯಣಪ್ಪನವರ ಬದುಕನ್ನೇ ಇಟ್ಟುಕೊಂಡು ಎಂಬತ್ತರ ದಶಕದಲ್ಲಿ ತೆಗೆದ ಟಿವಿ ನಾಟಕ ಅದು. ಬರೆದುಕೊಟ್ಟವರೂ ಅವರೇ. ಯಾರದೋ ಮನೆಯ ಅಟ್ಟದಲ್ಲಿ ಅದರ ಕ್ಯಾಸೆಟ್ ಸಿಕ್ಕಿತ್ತು. ಭಾನುವಾರ ಇಂದಿರಾನಗರದಲ್ಲಿ ಪ್ರದರ್ಶನ, ಜೊತೆಗೆ ಅಪ್ಪನಿಗೆ ಸನ್ಮಾನ. ಮೊದಲು ಮನೆಯವರು ನೋಡಲಿ ಎಂದು ಸಂಘಟಕರು ಲಿಂಗರಾಜಪುರದ ಮನೆಗೆ ಪೆನ್‌ಡ್ರೈವ್ ಕಳಿಸಿದ್ದರು.

ಜ್ವರದಲ್ಲಿ ಮಲಗಿದ ಆ ಮಗಳೇ ಗಂಗಾ; ಹಂಸ ಹುಟ್ಟುವ ಮೊದಲೇ ತೀರಿಕೊಂಡ ಅಕ್ಕ. ಅಪ್ಪ ಬೆಳಗಿನವರೆಗೂ ಅವಳಿಗೆ ಕಥೆ ಹೇಳಿದರಂತೆ, ಕೇಳುತ್ತ ಕೇಳುತ್ತಲೇ ಅವಳು ಕಣ್ಣು ಮುಚ್ಚಿದಳಂತೆ. ನಾಟಕ ನೋಡಿದ್ದ ನೆಂಟರು, ನೆರೆಯವರು, ಶಾಲೆಯ ಮೇಷ್ಟರು ಎಲ್ಲರೂ ಹೀಗೇ ಹೇಳಿದ್ದರು. ಹಂಸ ನಂಬಿ ಬೆಳೆದಿದ್ದಳು. ಅಮ್ಮ ಮಾತ್ರ ಆ ನಾಟಕವನ್ನು ಇವತ್ತಿನವರೆಗೆ ನೋಡಿರಲಿಲ್ಲ.

"ನಾನು ಮಲ್ಗಿರ್ಲಿಲ್ಲ ಕಣ್ರೀ," ಎಂದಳು ಅವಳು, ಕುರ್ಚಿಯಲ್ಲಿ ಕೂತಿದ್ದ ಅಪ್ಪನಿಗೆ. ದನಿ ಏರಲಿಲ್ಲ. "ನೀವು ಊರಲ್ಲೇ ಇರ್ಲಿಲ್ಲ. ಧಾರವಾಡಕ್ಕೆ ಭಾಷಣ ಮಾಡಕ್ಕೆ ಹೋಗಿದ್ರಿ. ಮಣ್ಣು ಮಾಡೋ ಹೊತ್ಗೆ ಬಂದ್ರಿ."

ಹಂಸ ಅಪ್ಪನತ್ತ ನೋಡಿದಳು, ಅಲ್ಲ ಎನ್ನಲಿ ಎಂದು ಕಾದಳು. ಅವರು ಪಂಚೆಯ ಅಂಚನ್ನು ಸರಿಮಾಡಿಕೊಳ್ಳುತ್ತಿದ್ದರು.

"ಅದು ಕಲ್ಪನೆ, ಅಣ್ಣಮ್ಮ. ನಾಟಕ ಅಂದ್ಮೇಲೆ..."

"ಆನೆ ಕಲ್ಪನೆ, ಕಾಗೆ ಕಲ್ಪನೆ. ಆಗ್ಲಿ. ನನ್ನ ಯಾಕೆ ಮಲಗ್ಸಿದ್ರಿ?"

ಅಪ್ಪ ಟಿವಿಯಲ್ಲಿ ನಿಂತ ಚಿತ್ರದತ್ತ ನೋಡಿದರು. "ನೀನು ಎದ್ದಿದ್ರೆ ನನಗಲ್ಲಿ ಜಾಗ ಇರ್ತಿರ್ಲಿಲ್ಲ," ಎಂದರು ಕೊನೆಗೆ.

ಹಂಸಳಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಹಾಗೆ ಬರೆದವರ ಮೇಲೆ, ಇಷ್ಟು ವರ್ಷ ಬಾಯಿ ಬಿಡದವಳ ಮೇಲೂ. "ಭಾನುವಾರ ಜನ ಇದನ್ನೇ ನೋಡಿ ಅಳ್ತಾರಲ್ಲಪ್ಪ. ಅವ್ರಿಗೆ ಏನ್ ಹೇಳ್ತೀರಿ?"

ಅಪ್ಪ ಅಮ್ಮನ ಕಡೆ ತಿರುಗಿ, ಜೀವಮಾನವಿಡೀ ಕೇಳದೆ ಉಳಿದದ್ದನ್ನು ಕೇಳಿದರು: "ಅವ್ಳು ಅವತ್ತು ಏನಾದ್ರೂ ಕೇಳಿದ್ಲಾ?"

ಅಮ್ಮ ಎದ್ದು ಹೋಗುತ್ತಾಳೆ ಎಂದುಕೊಂಡಳು ಹಂಸ. ಅವಳು ಹೋಗಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, "ಮೊದ್ಲು ನೀರು ಕೇಳಿದ್ಲು," ಎಂದಳು. "ಆಮೇಲೆ..."

ಅಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕೇಳಿಸುವ ಕಿವಿಯನ್ನು ಅವಳತ್ತ ಮಾಡಿ ಕುಳಿತರು.