ರಾಯಭಾರಿಯ ಬಾಯಿಗೆ ಎರಡು ಸಲ

ನಾನೂ ನನ್ನ ಓರಗಿತ್ತಿಯೂ ಮಾತು ಬಿಟ್ಟು ಒಂದು ಚಳಿಗಾಲವೇ ಕಳೆದಿತ್ತು. ಕಾರಣ ಕೇಳಬೇಡಿ, ಒಂದು ಸೋರುವ ಬಕೆಟ್ಟು. ಆದರೆ ಒಂದೇ ಕೊಟ್ಟಿಗೆ, ಒಂದೇ ಹಿಂಡು, ಕೆಲಸ ಸಾಗಬೇಕಲ್ಲ? ಅದಕ್ಕೇ ಬಿಳಿ ಮೇಕೆಯ ಮುಖ ನೋಡಿ ಮಾತಾಡುತ್ತಿದ್ದೆವು. 'ಚಿಕ್ಕಮ್ಮಂಗೆ ಹೇಳು, ಹಾಲು ಕರೆದಾಯ್ತು ಅಂತ' ಎಂದು ನಾನು. 'ದೊಡ್ಡಮ್ಮಂಗೆ ಹೇಳು, ಗೊತ್ತಾಯ್ತು ಅಂತ' ಎಂದು ಅವಳು. ಮೇಕೆ ಇಬ್ಬರ ಮಾತನ್ನೂ ಮೆಲುಕು ಹಾಕುತ್ತಿತ್ತು. ನನ್ನ ಗಂಡ ಅದಕ್ಕೆ ರಾಯಭಾರಿ ಎಂದು ಹೆಸರಿಟ್ಟರು. ಅಣ್ಣ ತಮ್ಮ ಇಬ್ಬರಿಗೂ ನಗು, ಗಂಡಸರಿಗೇನು ಬಿಡಿ.

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೊಟ್ಟಿಗೆ ನೆಲ ಬಿಟ್ಟು ತೇಲುತ್ತಿದೆ ಎನಿಸಿತು. ರಾಯಭಾರಿ ಸೊರಗಿತ್ತು, ಹೊಟ್ಟೆಯಲ್ಲಿ ಹುಳು. ಜಂತುಹುಳದ ಔಷಧಿಯನ್ನು ಸಿರಿಂಜಿಗೆ ಎಳೆದು ಬಾಯಿಗೆ ಬಿಟ್ಟೆ. ಮುದ್ದಿಗೆಂದು ಒಂದಿಷ್ಟು ಹೆಚ್ಚೇ ಬಿಟ್ಟೆ. 'ಚಿಕ್ಕಮ್ಮಂಗೆ ಹೇಳು, ಔಷಧಿ ಕುಡಿದೆ ಅಂತ' ಎಂದು ಗಟ್ಟಿಯಾಗಿ ಹೇಳಿ ಮೇವು ತರಲು ಹೋದೆ. ಮಂಜಿನೊಳಗೆ ನಿಂತಿದ್ದವಳು ಅವಳೇ ಎಂದುಕೊಂಡಿದ್ದೆ. ಅದು ಒಣಹಾಕಿದ್ದ ಕಂಬಳಿ.

ಹಿಂತಿರುಗಿದಾಗ ರಾಯಭಾರಿ ಮಲಗಿತ್ತು. ಬಾಯಿಂದ ನೊರೆ, ಮೈಯೆಲ್ಲ ನಡುಕ. ಕಾಲುಗಳು ಮಲಗಿದಲ್ಲೇ ಎಲ್ಲಿಗೋ ಓಡುತ್ತಿದ್ದವು. ಓರಗಿತ್ತಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಪಶುವೈದ್ಯರು ಫೋನಿನಲ್ಲಿ, ಎಷ್ಟು ಔಷಧಿ ಕುಡಿಸಿದಿರಿ ಎಂದು ಕೇಳಿದರು. ನಾವಿಬ್ಬರೂ ಒಟ್ಟಿಗೇ ಬಾಯಿ ತೆರೆದೆವು, ಒಟ್ಟಿಗೇ ಮುಚ್ಚಿದೆವು.

'ನೀನೂ ಕುಡಿಸಿದ್ಯಾ?' ಎಂದು ನೇರ ಅವಳನ್ನೇ ಕೇಳಿದೆ.

'ಹೂಂ ಅಕ್ಕ, ನನ್ನ ಕೈಯಾರೆ' ಎಂದಳು. 'ಸೊರಗಿದೆ ಅಂತ ಸ್ವಲ್ಪ ಜಾಸ್ತೀನೇ.'

ಅಳತೆ ಮೀರಿದರೆ ಈ ಔಷಧಿ ಮೇಕೆಗೆ ವಿಷವೇ, ಇದಕ್ಕೆ ಮಾರುಮದ್ದಿಲ್ಲ ಎಂದರು ವೈದ್ಯರು. ಬಾಯಿಗೆ ಏನೂ ಹಾಕಬೇಡಿ, ಸದ್ದು ಮಾಡಬೇಡಿ, ಈಗಲೇ ಹೊರಟೆ ಎಂದರು. ನಾವು ನೊರೆ ಒರೆಸುತ್ತಾ ಕುಳಿತೆವು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಹಾಗೆ ಅಂದವರ ಬಾಯಿಗೆ ಮಣ್ಣು ಹಾಕ. ಮಂಜು ಮೆಲ್ಲಗೆ ಒಳಗೆ ಬಂತು. ಮೇಕೆ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು, ತಿಳಿಯದಾಯಿತು. ಓಡುತ್ತಿದ್ದ ಕಾಲುಗಳು ನಿಧಾನವಾಗಿ, ಊರು ಸೇರಿದವರಂತೆ ನಿಂತವು. ವೈದ್ಯರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆ ಗಂಡಸರು ಗುಂಡಿ ತೋಡಿದರು. ಯಾರೂ ನಗಲಿಲ್ಲ. ಕೊಟ್ಟಿಗೆಗೆ ಬಂದ ಓರಗಿತ್ತಿ ರೂಢಿಯಂತೆ ಖಾಲಿ ಗೂಟದ ಕಡೆ ತಿರುಗಿ, 'ದೊಡ್ಡಮ್ಮಂಗೆ ಹೇಳು' ಎಂದು ಶುರುಮಾಡಿ ಅಲ್ಲಿಗೇ ನಿಂತಳು.

'ಹೇಳು' ಎಂದೆ. 'ಕೇಳಿಸ್ಕೋತಿದೀನಿ.'