ಒಂದು ಚುಕ್ಕೆ, ಒಂದು ಗೆರೆ

ಮಾತು ಶುರು ಮಾಡುವ ಮುಂಚೆ ರೇಡಿಯೊದ ಗುಂಡಿಯನ್ನು ಒಮ್ಮೆ ಚಿಕ್ಕದಾಗಿ ಒತ್ತಿ ಬಿಡುವುದು ಭಾವನ ಅಭ್ಯಾಸ. ಬಾಗಿಲು ತಟ್ಟಿ ಆಮೇಲೆ ಒಳಗೆ ಬರುವವರ ಹಾಗೆ. ನಂತರ ಒತ್ತಿ ಹಿಡಿದು ಮಾತಾಡುತ್ತಾರೆ. ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಅದು ಮೊದಲು ಒಂದು ಚುಕ್ಕೆ, ಅದರ ಬೆನ್ನಿಗೇ ಒಂದು ಉದ್ದ ಗೆರೆ. ಇದನ್ನು ಅಕ್ಕನಿಗೆ ತೋರಿಸಿಕೊಟ್ಟ ದಿನ ಅವಳು ಬೆರಳಿನಿಂದ ಚುಕ್ಕೆಯನ್ನು ಮುಟ್ಟಿ, "ಇಷ್ಟೇನಾ ನಿಮ್ಮ ಭಾವ?" ಎಂದು ನಕ್ಕಿದ್ದಳು.

ಭಾವ ಮೀನು ಹಿಡಿಯುವ ದೋಣಿಯೊಂದರಲ್ಲಿ ಎಂಜಿನ್ ಮೆಕ್ಯಾನಿಕ್. ಹೋದರೆ ನಾಲ್ಕು ದಿನ ಕಡಲಲ್ಲೇ. ದೋಣಿಯಲ್ಲಿರುವ ಐದು ಜನರಲ್ಲಿ ಬಿಡಿಸಿ ಮಾತಾಡಬಲ್ಲವರು ಅವರೊಬ್ಬರೇ ಆದ್ದರಿಂದ ದಿನವೂ ಹನ್ನೊಂದು ಗಂಟೆಗೆ ದಡದ ಕಚೇರಿಗೆ ರೇಡಿಯೊದಲ್ಲಿ ವರದಿ ಒಪ್ಪಿಸುವ ಕೆಲಸವೂ ಅವರ ತಲೆಗೇ ಬಿದ್ದಿತ್ತು. ದಿನವೂ ಅದೇ ಮಾತು: "ನಾವೆಲ್ಲ ಚೆನ್ನಾಗಿದ್ದೀವಿ. ಬಲೆ ಇಳಿಸಿದ್ದೀವಿ. ಗಾಳಿ ಇದೆ, ಜಾಸ್ತಿ ಇಲ್ಲ."

ಆ ಮೂರು ವಾಕ್ಯ ಅಕ್ಕನ ಕಿವಿಗೆ ಬೀಳಲಿ ಎಂದೇ ನಾನು ಮಹಡಿಯ ಕೋಣೆಯಲ್ಲಿ ರೇಡಿಯೊ ಕಟ್ಟಿದೆ. ಕಟ್ಟಿದೆ ಎನ್ನುವುದೂ ದೊಡ್ಡ ಮಾತು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವವನು. ಬೆರಳುದ್ದದ ಒಂದು ಡಾಂಗಲ್ ಕೊಂಡೆ. ತಾರಸಿಯ ಮೇಲೆ ಕೊಳವೆಗೆ ಕಟ್ಟಿದ ತಾಮ್ರದ ಆಂಟೆನಾದಿಂದ ಒಂದು ಕೇಬಲ್ ಇಳಿದು ಅದಕ್ಕೆ ಸೇರುತ್ತದೆ. ಡಾಂಗಲ್ ಗಾಳಿಯಲ್ಲಿ ಸಿಕ್ಕಿದ್ದನ್ನೆಲ್ಲ ಅಂಕಿಗಳಾಗಿ ಮಾಡಿ ಲ್ಯಾಪ್‌ಟಾಪಿಗೆ ಸುರಿಯುತ್ತದೆ. ಅದರಲ್ಲಿ ಮಾತು ಯಾವುದು, ಕಸ ಯಾವುದು ಎಂದು ಹೆಕ್ಕುವುದು ಸಾಫ್ಟ್‌ವೇರಿನ ಕೆಲಸ. ಕೇಳಬಹುದು, ಅಷ್ಟೆ. ಇದರಿಂದ ಮಾತಾಡಲಾಗದು.

"ದಿನಕ್ಕೆ ಹತ್ತು ಮಾತಾಡದೋನು ಮಾತೇ ಬರದಿರೋ ರೇಡಿಯೊ ಕಟ್ಟಿದಾನೆ," ಎಂದಿದ್ದರು ಭಾವ. "ಹೇಳಿ ಮಾಡಿಸಿದ ಜೋಡಿ!"

ನನಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಕೇಳುವುದು ನನಗೂ ಅಕ್ಕನಿಗೂ ಹುಟ್ಟಿನಿಂದ ಬಂದದ್ದು. ಅಪ್ಪ ಬೆಳಗಿನ ಹೊತ್ತು ಗೋಡೆಗೆ ಮುಖ ಮಾಡಿ ಕೂತು ಪದ್ಯ ಓದುತ್ತಿದ್ದರು. ಅರ್ಥ ತಿಳಿಯುವ ಎಷ್ಟೋ ಮೊದಲು, ಅವರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಎಂಬುದು ನಮಗೆ ಬಾಯಿಪಾಠವಾಗಿತ್ತು. ಅವರು ನಿಲ್ಲಿಸುವ ಜಾಗಕ್ಕೆ ನಾವೂ ಹಾಸಿಗೆಯಲ್ಲಿ ಉಸಿರು ನಿಲ್ಲಿಸಿ ಕಾಯುತ್ತಿದ್ದೆವು. ಮುಂದಿನ ಸಾಲು ಬಂದೇ ಬರುತ್ತಿತ್ತು.

ಆ ವಾರ ರೇಡಿಯೊಗೆ ಒಂದು ಕಾಟ ಅಂಟಿಕೊಂಡಿತು. ಪರದೆಯ ತುಂಬ ಬಾಚಣಿಗೆಯ ಹಲ್ಲುಗಳಂತೆ ಸಮ ಸಮ ದೂರದಲ್ಲಿ ಗೆರೆಗಳು, ಸ್ಪೀಕರಿನಲ್ಲಿ ಜೀರುಂಡೆಯಂಥ ಸದ್ದು. ಎಲ್ಲೋ ಹತ್ತಿರದ ವಿದ್ಯುತ್ ಸಾಮಾನಿನಿಂದ ಬರುವ ಗದ್ದಲವದು. ನಮ್ಮ ಫ್ರಿಜ್ ಆರಿಸಿ ನೋಡಿದೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದೆ. ಕೇಬಲಿಗೆ ಕರಿ ಕಾಂತದ ಉಂಗುರಗಳನ್ನು ತೊಡಿಸಿದೆ. ಊಹ್ಞೂಂ. ಕೊನೆಗೆ ಅನುಮಾನ ಕೆಳಗಿನ ಮನೆಯ ಟೈಲರ್ ಹೊಸದಾಗಿ ಹಾಕಿಸಿಕೊಂಡಿದ್ದ ದೀಪದ ಮೇಲೆ ಹೋಯಿತು.

ಅಂದು ನನಗೆ ರಜೆ. ಭಾವ ಹೋಗಿ ಮೂರನೇ ದಿನ. ದಿನವೂ ಹನ್ನೊಂದರ ಸುಮಾರಿನ ಹತ್ತು ನಿಮಿಷವನ್ನು ನಾನು ರೆಕಾರ್ಡ್ ಮಾಡಿಡುತ್ತಿದ್ದೆ; ಅಕ್ಕ ಬರುವುದು ತಪ್ಪಿದರೆ ಸಂಜೆ ಕೇಳಿಸಲು. ಗದ್ದಲ ಎಷ್ಟು ಹೆಚ್ಚಿದೆ ಎಂದು ಹೋಲಿಸಲು ಬೆಳಿಗ್ಗೆ ನಿನ್ನೆಯ ರೆಕಾರ್ಡಿಂಗನ್ನು ಅದೇ ಸಾಫ್ಟ್‌ವೇರಿನಲ್ಲಿ ತೆರೆದೆ. ಆಮೇಲೆ ಕೆಳಗಿಳಿದು ಟೈಲರನ್ನು ಕೇಳಿಕೊಂಡೆ: ಒಂದೈದು ನಿಮಿಷ ದೀಪ ಆರಿಸ್ತೀರಾ?

"ಏನ್ ಸ್ವಾಮಿ," ಎಂದ ಅವನು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಿಮ್ಮ ಗಾಳಿಮಾತು ಕೇಳೋಕೆ ನಾನು ಕತ್ತಲಲ್ಲಿ ಕಾಜಾ ಹಾಕಬೇಕಾ?" ಬೈಯುತ್ತಲೇ ಆರಿಸಿದ.

ಮೇಲೆ ಬಂದು ನೋಡಿದರೆ ಗೆರೆಗಳು ಒಂದಿಷ್ಟೂ ಕದಲಿರಲಿಲ್ಲ. ದೀಪದ ತಪ್ಪಲ್ಲ ಹಾಗಾದರೆ, ಅಂದುಕೊಂಡೆ. ತಲೆ ಚಿಟ್ಟು ಹಿಡಿದುಹೋಯಿತು. ಅಷ್ಟರಲ್ಲಿ ಅಕ್ಕ ಮೆಟ್ಟಿಲು ಹತ್ತಿ ಬಂದಳು.

"ತಿಂಡಿ ತಿಂದ್ಯೋ, ಇಲ್ಲ ತಂತಿ ತಿಂದ್ಯೋ?" ಎನ್ನುತ್ತ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಹನ್ನೊಂದೂಕಾಲಾಯ್ತು. ಬಂದ್ರಾ?"

"ಇನ್ನೂ ಇಲ್ಲ."

ಅವಳು ಕೂತಳು. ಚುಕ್ಕೆ ಬಿತ್ತು. ಗೆರೆ ಬಿತ್ತು.

"ನಾವೆಲ್ಲ ಚೆನ್ನಾಗಿದ್ದೀವಿ," ಎಂದರು ಭಾವ, ಜೀರುಂಡೆಗಳ ನಡುವಿನಿಂದ. "ಬಲೆ ಇಳಿಸಿದ್ದೀವಿ." ಒಂದು ಕೆಮ್ಮು. "ಗಾಳಿ ಇದೆ, ಜಾಸ್ತಿ ಇಲ್ಲ."

"ಕೆಮ್ಮು ಇನ್ನೂ ಹೋಗಿಲ್ಲ ನೋಡು," ಎಂದಳು ಅಕ್ಕ. "ಬರಲಿ, ಇದೆ ಇವರಿಗೆ."

ನನ್ನ ಮನಸ್ಸು ತುಂಬಿತ್ತು. ಅವರು ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ಕೆಮ್ಮು ಒತ್ತಿ ಬರುತ್ತದೆ, ಎಲ್ಲಿ ಉಸಿರು ಎಳೆಯುತ್ತಾರೆ, ಪ್ರತಿಯೊಂದೂ ನನಗೆ ಮೊದಲೇ ಗೊತ್ತಾಗುತ್ತಿತ್ತು. ಅಪ್ಪನ ಪದ್ಯದ ಹಾಗೆ. ಹತ್ತಿರದವರ ದನಿ ಹಾಗೇ ತಾನೆ ಎಂದುಕೊಂಡೆ. ಇದಕ್ಕಿಂತ ಹೆಚ್ಚಿಗೆ ಯೋಚಿಸಲಿಲ್ಲ.

ಡಬ್ಬಿ ಖಾಲಿಯಾಗುವ ಮೊದಲೇ ಅಕ್ಕನ ಫೋನ್ ಬಂತು. ದಡದ ಕಚೇರಿಯ ಗುಮಾಸ್ತ.

"ಅಮ್ಮಾ, ಗಾಬರಿ ಆಗಬೇಡಿ. ಇವತ್ತು ನಿಮ್ಮೋರ ದೋಣಿಯಿಂದ ವರದಿ ಬಂದಿಲ್ಲ. ಎಷ್ಟು ಕರೆದರೂ ಉತ್ತರ ಇಲ್ಲ. ಎರಡು ದೋಣಿ ಹುಡುಕೋಕೆ ಹೊರಡ್ತಾ ಇವೆ, ನಿಮಗೆ ತಿಳಿಸೋಣ ಅಂತ..."

"ಅಯ್ಯೋ, ಈಗ ತಾನೆ ಮಾತಾಡಿದ್ರಲ್ಲ!" ಎಂದಳು ಅಕ್ಕ ನಗುತ್ತ. "ನನ್ನ ಈ ಎರಡೂ ಕಿವಿಯಿಂದ ಕೇಳಿದೀನಿ. ನನ್ನ ತಮ್ಮನೂ ಇಲ್ಲೇ ಇದಾನೆ, ಅವನ್ನೇ ಕೇಳಿ."

ಫೋನ್ ನನ್ನ ಕೈಗೆ ಬಂತು. "ಹೌದು," ಎಂದೆ. "ಹನ್ನೊಂದೂಕಾಲಿಗೆ. ಸ್ಪಷ್ಟವಾಗಿ ಕೇಳಿಸ್ತು."

"ನೀವೇ ಕೇಳಿದ್ರಾ ಸಾರ್?"

"ನಾನೇ."

"ದೇವರು ದೊಡ್ಡವನು! ಹಾಗಾದ್ರೆ ನಮ್ಮ ಆಂಟೆನಾನೇ ಕೈಕೊಟ್ಟಿರಬೇಕು ಬಿಡಿ. ದೋಣಿ ನಿಲ್ಲಿಸೋಕೆ ಹೇಳ್ತೀನಿ."

ಫೋನ್ ಇಟ್ಟ ಮೇಲೆ ಅಕ್ಕ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. "ನೋಡೋ, ಕಚೇರಿಗೆ ಸಿಗದ್ದು ನಿನ್ನ ತಂತಿಗೆ ಸಿಕ್ತು." ನಾನು ಒಳಗೊಳಗೇ ಉಬ್ಬಿಹೋಗಿದ್ದೆ.

ಅವಳು ಮನೆಗೆ ಹೋದಳು. ನಾನು ಊಟ ಮುಗಿಸಿ, ಸ್ಪೀಕರಿನ ದನಿ ತಗ್ಗಿಸಿ, ಉಳಿದ ಕೇಬಲಿಗೆ ಉಂಗುರ ತೊಡಿಸುತ್ತ ಕೂತೆ. ಎರಡೂವರೆಯ ಹೊತ್ತಿಗೆ, ಆಂಟೆನಾ ಕೇಬಲಿನ ತುದಿಯ ಹಿತ್ತಾಳೆ ಜೋಡಣೆಯೇ ಸಡಿಲವಾಗಿದೆಯೋ ಏನೋ ಎನಿಸಿತು. ದನಿ ಏರಿಸಿ, ಅದನ್ನು ತಿರುಗಿಸಿ ಡಾಂಗಲಿನಿಂದ ಬಿಚ್ಚಿ ಕೈಯಲ್ಲಿ ಹಿಡಿದೆ.

ಗದ್ದಲ ನಿಲ್ಲಲಿಲ್ಲ. ಗೆರೆಗಳು ಇದ್ದ ಹಾಗೇ ಇಳಿಯುತ್ತಿದ್ದವು.

ಚುಕ್ಕೆ ಬಿತ್ತು. ಗೆರೆ ಬಿತ್ತು.

"ನಾವೆಲ್ಲ ಚೆನ್ನಾಗಿದ್ದೀವಿ. ಬಲೆ ಇಳಿಸಿದ್ದೀವಿ." ಕೆಮ್ಮು. "ಗಾಳಿ ಇದೆ, ಜಾಸ್ತಿ ಇಲ್ಲ."

ಕೇಬಲ್ ನನ್ನ ಕೈಯಲ್ಲೇ ಇತ್ತು. ಪರದೆಯ ಮೂಲೆಯಲ್ಲಿ, ಡಾಂಗಲ್ ಎಂದಿರಬೇಕಾದ ಜಾಗದಲ್ಲಿ, ನಿನ್ನೆಯ ತಾರೀಖು ಹೊತ್ತ ಫೈಲಿನ ಹೆಸರು ಸಣ್ಣ ಅಕ್ಷರದಲ್ಲಿತ್ತು. ಬೆಳಿಗ್ಗೆ ತೆರೆದದ್ದನ್ನು ನಾನು ಮುಚ್ಚಿರಲೇ ಇಲ್ಲ. ಮುಗಿದಾಗಲೆಲ್ಲ ಅದು ಮೊದಲಿನಿಂದ ತಿರುಗಿ ಓಡುತ್ತಿತ್ತು. ಹತ್ತು ಹತ್ತು ನಿಮಿಷಕ್ಕೊಮ್ಮೆ ಭಾವ ಚೆನ್ನಾಗಿದ್ದೇವೆ ಎನ್ನುತ್ತಿದ್ದರು. ಟೈಲರ್ ದೀಪ ಆರಿಸಿದರೂ ಗದ್ದಲ ಆರಲಿಲ್ಲವೇಕೆ ಎಂಬುದೂ ಆಗ ಹೊಳೆಯಿತು. ನಿನ್ನೆ ಅದು ಉರಿಯುತ್ತಿತ್ತು.

ಗುಮಾಸ್ತನಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಅವನು ಬೈಯಲಿಲ್ಲ. "ನಿನ್ನೇದಾ?" ಎಂದ. ಆಮೇಲೆ, "ಅಲ್ಲಿಗೆ ಹೋಗೋಕೇ ಮೂರು ಗಂಟೆ ಬೇಕು ಸಾರ್. ಆರಕ್ಕೆ ಕತ್ತಲಾಗುತ್ತೆ," ಎಂದು ಇಟ್ಟುಬಿಟ್ಟ.

ಅಕ್ಕನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಕೈಯಲ್ಲಿದ್ದ ಭಾವನ ಅಂಗಿಯನ್ನು ಪೂರ್ತಿ ಮಡಿಸಿ, ಅಂಚು ಕೂಡಿಸಿ, ಕೆಳಗಿಟ್ಟಳು. "ಬಾ," ಎಂದಳು. ನನ್ನ ಮನೆಯ ದಾರಿಯುದ್ದಕ್ಕೂ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಟೈಲರ್ ನಮ್ಮ ಮುಖ ನೋಡಿ, ಕೇಳುವ ಮೊದಲೇ ದೀಪ ಆರಿಸಿದ. ಮೇಲೆ ಹೋಗಿ ನಿನ್ನೆಯ ಫೈಲನ್ನು ಮುಚ್ಚಿ, ಕೇಬಲನ್ನು ಮತ್ತೆ ಡಾಂಗಲಿಗೆ ಜೋಡಿಸಿದೆ. ಈ ಸಲ ಬಾಚಣಿಗೆಯ ಹಲ್ಲುಗಳೆಲ್ಲ ಒಟ್ಟಿಗೇ ಉದುರಿಹೋದವು. ಪರದೆ ಕಪ್ಪು ನೀರಿನಂತೆ ತಿಳಿಯಾಯಿತು. ವಾರವೆಲ್ಲ ಇದಕ್ಕಾಗಿಯೇ ಒದ್ದಾಡಿದ್ದೆ.

ನಾಲ್ಕರಿಂದ ಐದರವರೆಗೆ ಕೇಳಿಸಿದ್ದು ಹುಡುಕಲು ಹೋದ ದೋಣಿಗಳ ಮಾತು ಮಾತ್ರ. ಒಬ್ಬ ಚಾಲಕ ಭಾವನ ದೋಣಿಯ ಹೆಸರು ಹಿಡಿದು ಕರೆಯುತ್ತಾನೆ, ಕಾಯುತ್ತಾನೆ, ಮತ್ತೆ ಕರೆಯುತ್ತಾನೆ. ಅವನು ಕಾಯುವಾಗ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಐದು ದಾಟಿದ ಮೇಲೆ, ಪರದೆಯಲ್ಲಿ ಅವನ ಕರೆಯ ಗೆರೆ ಬೀಳುವ ಜಾಗದಿಂದ ಒಂದಿಷ್ಟು ಪಕ್ಕಕ್ಕೆ, ಕಂಡೂ ಕಾಣದ ಹಾಗೆ ಒಂದು ಚುಕ್ಕೆ. ಬೆನ್ನಿಗೇ ಕೂದಲೆಳೆಯಷ್ಟು ತೆಳುವಾದ ಗೆರೆ. ದನಿ ಇಲ್ಲ. ಬ್ಯಾಟರಿ ಮುಗಿಯುತ್ತ ಬಂದ ಕೈರೇಡಿಯೊದ ಗುಂಡಿ ಒತ್ತಿದರೆ ಹೀಗೇ ಬೀಳುತ್ತದೆ; ಮಾತನ್ನು ಹೊರುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ.

"ಇವರೇ," ಎಂದಳು ಅಕ್ಕ. ಹೇಳಿದ್ದು ಬಾಯಿಂದಲ್ಲ, ಬರೀ ಉಸಿರಿನಿಂದ.

ನಾಲ್ಕು ನಿಮಿಷದ ಮೇಲೆ ಮತ್ತೆ. ಚುಕ್ಕೆ, ಗೆರೆ. ಕಚೇರಿಗೆ ಫೋನ್ ಮಾಡಿದೆ.

"ಗೆರೆ ಅಂದ್ರೆ?" ಎಂದ ಗುಮಾಸ್ತ.

"ದನಿ ಇಲ್ಲ. ಗುಂಡಿ ಒತ್ತುತಾ ಇದಾರೆ. ದೋಣಿಯವರ ಸೆಟ್‌ಗಳು ಇಷ್ಟು ಸಣ್ಣ ಸದ್ದನ್ನ ತಾವೇ ಅದುಮಿಬಿಡುತ್ತವೆ, ಅದಕ್ಕೇ ಅವರಿಗೆ ಕೇಳಿಸಲ್ಲ. ಸದ್ದು ಅದುಮೋ ತಿರುಪನ್ನ ಪೂರ್ತಿ ಹಿಂದಕ್ಕೆ ತಿರುಗಿಸೋಕೆ ಹೇಳಿ, ದಯವಿಟ್ಟು."

"ಯಾವ ದಿಕ್ಕಿಂದ ಬರ್ತಿದೆ?"

ನನ್ನ ಆಂಟೆನಾ ಒಂದು ನೆಟ್ಟಗಿನ ಕೋಲು. ಎಲ್ಲ ದಿಕ್ಕಿನದೂ ಅದಕ್ಕೆ ಒಂದೇ. "ದಿಕ್ಕು ಗೊತ್ತಾಗಲ್ಲ," ಎಂದೆ.

"ಬೆಳಿಗ್ಗೆ ಮಾತೇ ಕೇಳಿಸಿತ್ತಲ್ಲ ನಿಮಗೆ," ಎಂದ ಅವನು. ವ್ಯಂಗ್ಯವಿರಲಿಲ್ಲ, ಬರೀ ದಣಿವು. "ಸರಿ, ಹೇಳ್ತೀನಿ."

ಹೇಳಿದ. ನನ್ನದೇ ಸ್ಪೀಕರಿನಲ್ಲಿ ಅದನ್ನು ನಾನು ಕೇಳಬೇಕಾಯಿತು.

"ದಡದಲ್ಲಿ ಒಬ್ಬರು ಏನೋ ಗೆರೆ ಕಾಣ್ತಿದೆ ಅಂತಿದಾರೆ."

"ಯಾರು, ಬೆಳಿಗ್ಗೆಯೋರಾ?"

"ಅವರೇ."

"ದಿಕ್ಕು ಏನಾದ್ರೂ?"

"ಇಲ್ಲ."

"ಸರಿ ಬಿಡಿ."

ತಿರುಪಿನ ಮಾತು ಬರಲೇ ಇಲ್ಲ. ಮತ್ತೆ ಫೋನ್ ಮಾಡಿದೆ, ಬೇರೆ ಯಾರ ಜೊತೆಗೋ ಮಾತಿನಲ್ಲಿದ್ದ. ಮತ್ತೆ ಮಾಡಿದೆ. ಅಕ್ಕ ಲ್ಯಾಪ್‌ಟಾಪನ್ನು ನನ್ನ ಬಾಯಿ ಹತ್ತಿರ ಒಯ್ದು, "ಹೇಳೋ, ನೀನೇ ಹೇಳೋ ಅವರಿಗೆ," ಎಂದಳು.

"ಇದರಲ್ಲಿ ಹೇಳೋಕೆ ಆಗಲ್ಲ ಅಕ್ಕ."

"ಇಷ್ಟೆಲ್ಲ ತಂತಿ ಇದೆಯಲ್ಲೋ!"

ಅಷ್ಟರಲ್ಲಿ ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ಪರದೆಯ ಮೂಲೆಯಲ್ಲಿ ಡಾಂಗಲ್ ಎಂದೇ ಇತ್ತು; ಮೂರು ಸಲ ಓದಿದೆ. ಆದರೂ ಇದು ನಿಜವಾಗಿ ಹೊರಗಿನಿಂದ ಬರುತ್ತಿದೆಯೇ, ಈ ಯಂತ್ರದ ಒಳಗೇ ಹುಟ್ಟುತ್ತಿದೆಯೇ? ತಿಳಿಯಲು ಇರುವುದು ಒಂದೇ ದಾರಿ. ಮುಂದಿನ ಸಲ ಬಂದಾಗ ಆಂಟೆನಾ ಬಿಚ್ಚಬೇಕು. ಗೆರೆ ಹೋದರೆ ಅದು ಕಡಲಿನದು. ಕೈ ಹಿತ್ತಾಳೆಯ ಜೋಡಣೆಗೆ ಹೋಯಿತು.

ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ಏನ್ ಮಾಡ್ತಿದೀಯ?"

"ಬಿಚ್ಚಿ ನೋಡಬೇಕು. ಎರಡೇ ಕ್ಷಣ."

"ಆ ಎರಡು ಕ್ಷಣದಲ್ಲೇ ಇವರು ಮಾತಾಡಿದ್ರೆ?"

ಕೈ ತೆಗೆದೆ.

ಕಿಟಕಿಯ ಬೆಳಕು ಕೆಂಪಾಗಿ, ಬೂದಿಯಾಯಿತು. ಟೈಲರ್ ಕತ್ತಲಾಗುತ್ತಿದ್ದರೂ ದೀಪ ಹಾಕಿರಲಿಲ್ಲ. ಅವನ ಯಂತ್ರ ನಿಂತುಹೋಗಿತ್ತು. ಚುಕ್ಕೆ ಗೆರೆಗಳ ನಡುವಿನ ಹೊತ್ತು ಉದ್ದವಾಗುತ್ತಿತ್ತು. ನಾಲ್ಕು ನಿಮಿಷ ಇದ್ದದ್ದು ಏಳಾಯಿತು, ಹನ್ನೊಂದಾಯಿತು. ಆರು ಗಂಟೆ ದಾಟಿದ ಮೇಲೆ ಹುಡುಕುವ ದೋಣಿಯ ಚಾಲಕ, "ಏನೂ ಕಾಣ್ತಿಲ್ಲ. ಇಲ್ಲೇ ಲಂಗರು ಹಾಕ್ತೀವಿ, ಬೆಳಗಾದ ಮೇಲೆ ನೋಡೋಣ," ಎಂದ. ಕಚೇರಿ ಒಪ್ಪಿತು.

ಅಕ್ಕ ಎದ್ದು ಸ್ಪೀಕರಿನ ಮುಂದೆ ಮೊಣಕಾಲೂರಿದಳು. ಅದರ ಬಟ್ಟೆಯ ಮುಸುಕಿಗೆ ತುಟಿ ತಾಗುವಷ್ಟು ಹತ್ತಿರ ಹೋಗಿ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಹೇಳಿದಳು: "ರೀ, ಕೇಳಿಸ್ತಿದೆ ರೀ. ಇಲ್ಲಿ ನಮಗೆ ಕೇಳಿಸ್ತಿದೆ."

ಅದು ಕಿವಿಯಲ್ಲ ಎಂದು ಅವಳಿಗೂ ಗೊತ್ತಿತ್ತು.

ಹದಿನೇಳು ನಿಮಿಷದ ಮೇಲೆ ಚುಕ್ಕೆ ಬಿತ್ತು. ಅದರ ಬೆನ್ನಿಗೆ ಬರಬೇಕಾದ ಗೆರೆಗಾಗಿ ನಾವಿಬ್ಬರೂ, ಚಿಕ್ಕಂದಿನಲ್ಲಿ ಹಾಸಿಗೆಯಲ್ಲಿ ಕಾಯುತ್ತಿದ್ದ ಹಾಗೆ, ಉಸಿರು ನಿಲ್ಲಿಸಿಕೊಂಡು ಕೂತೆವು.